ಗಮನಕ್ಕೆ ಬಂದಿದೆ

ಸದನದಲ್ಲಿ ಶಾಸಕರು ಪ್ರಶ್ನೆ ಕೇಳಿದರೆ ಏನೂ ಆಗುವುದಿಲ್ಲ ಎನ್ನುವುದು ಅನ್ಯಾಯ, ಉತ್ತರವಂತೂ ಆಗುತ್ತದೆ. ಅದನ್ನು ಹುಲಗೂರಿನ ಚಹಾದಂಗಡಿಯಲ್ಲಿ ಓದಿಸಿದರೆ ಹೀಗಿದ್ದೀತು:

“ಚುಕ್ಕಿ ಪ್ರಶ್ನಿ ಅಂದ್ರೇನೋ ಬಸಣ್ಣ?”

“ಮಂತ್ರಿಗೋಳು ಎದ್ದುನಿಂತು ಬಾಯಿಲೆ ಉತ್ತರ ಹೇಳೂದು, ಕಾಕಾ. ಚುಕ್ಕಿ ಇಲ್ಲಂದ್ರ ಬರದು ಕೊಡ್ತಾರ.”

“ಅದಕ್ಕ ನಮಗ ಹಗಲೊತ್ತಿನ್ಯಾಗ ಚುಕ್ಕಿ ಕಾಣ್ತಾವ! ಸಂಜೀ ಬಸ್ಸಿಂದು ಏನಂದ್ರು?”

“‘ಸರ್ಕಾರದ ಗಮನಕ್ಕೆ ಬಂದಿದೆ.’”

“ಗಮನ ಬಂತು. ಬಸ್ಸು?”

“‘ಅನುದಾನದ ಲಭ್ಯತೆಯನುಸಾರ.’”

“ಯಾವಾಗ?”

“‘ಪ್ರಶ್ನೆ ಉದ್ಭವಿಸುವುದಿಲ್ಲ.’”

“ಅಲ್ಲೋ, ಲಿಂಗ ಉದ್ಭವ ಆಕ್ಕಾವ, ನಮ್ಮ ಪ್ರಶ್ನಿ ಆಗಂಗಿಲ್ಲೇನು?”

ಹೇಳಿದ್ದೆಲ್ಲ ದಾಖಲಾಗುತ್ತದಲ್ಲ ಎಂಬ ವಾದ ಸುಳ್ಳಲ್ಲ. ಹಳೆಯ ಹಾಳೆ ಇರದಿದ್ದರೆ ಮುಂದಿನ ಅಧಿವೇಶನದಲ್ಲಿ ಅದೇ ಪ್ರಶ್ನೆಗೆ ಅದೇ ಉತ್ತರವನ್ನು ಪಾಪ ಹೊಸದಾಗಿ ಯೋಚಿಸಬೇಕಾಗುತ್ತಿತ್ತು. ಬೆಂಗಳೂರು ದೂರ, ಅದಕ್ಕೇ ಹೀಗೆ ಎಂಬ ಆಕ್ಷೇಪವೂ ಈಗ ನಿಲ್ಲದು: 2012ರಲ್ಲೇ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಗಿದೆ, ಚಳಿಗಾಲದಲ್ಲಿ ಸರ್ಕಾರವೇ ಇತ್ತ ಬರುತ್ತದೆ.

“ಬೆಳಗಾವಿಗೇ ಹೋಗಿ ಕೇಳೂಣೇನ್, ಕಾಕಾ?”

“ಹ್ಯಾಂಗ ಹೋಗ್ತಿ? ಬಸ್ಸು ಇನ್ನೂ ಗಮನದಾಗ ಐತಿ.”