ಮೂಲೆ ದುಂಡಗಿದ್ದರೂ ಕೇಸು

ಗೋಕಾಕಕ್ಕೆ ಬಂದ ಹೊಸಬರು ಎರಡು ಪ್ರಶ್ನೆ ಕೇಳಬಾರದು. ಕರದಂಟು ಇಲ್ಲಿಯದು ಚಲೋನೋ ಅಮೀನಗಡದ್ದು ಚಲೋನೋ ಎಂಬುದು ಒಂದು. ಯಾವ ಮೊಬೈಲ್ ತಗೊಂಡರೆ ಒಳ್ಳೆಯದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಊರಿಗೆಲ್ಲ ಒಂದೇ ಉತ್ತರ, ಕೇಳಿದವರ ಬುದ್ಧಿಯ ಬಗ್ಗೆ ಸಣ್ಣದೊಂದು ಕನಿಕರ ಸಹಿತ. ಎರಡನೆಯದಕ್ಕೆ ಮನೆಗೊಂದು ಉತ್ತರ, ಈಚೆಗೆ ಕೋಣೆಗೊಂದು.

ನನ್ನದಂತೂ ಅಡಕತ್ತರಿಯ ಸ್ಥಿತಿ. ದೊಡ್ಡಕ್ಕನನ್ನು ಹುಕ್ಕೇರಿಗೆ ಕೊಟ್ಟಿದ್ದೇವೆ, ಸಣ್ಣಕ್ಕನನ್ನು ಮೂಡಲಗಿಗೆ. ಅವರ ಮಕ್ಕಳಲ್ಲಿ ಹುಕ್ಕೇರಿ ಅಳಿಯ ಒನ್‌ಪ್ಲಸ್. ಮೂಡಲಗಿ ಅಳಿಯ ಒಪ್ಪೊ. ನಮ್ಮ ಮನೆಯ ಕುಲದೀಪಕ ಐಫೋನ್. ಈ ಮೂವರಿರುವ ವಾಟ್ಸಾಪ್ ಗುಂಪಿಗೆ ‘ಮಾಮಾನ ಮನಿ’ ಎಂದು ಹೆಸರು. ನಾನು ಅದರ ಅಡ್ಮಿನ್, ಅಂದರೆ ಮೂರೂ ಕಡೆಯಿಂದ ಬೈಸಿಕೊಳ್ಳುವ ಅಧಿಕಾರ ಪಡೆದವನು. ಹಬ್ಬಹುಣ್ಣಿಮೆಗೆ ಯಾರು ಯಾವ ಬಸ್ಸಿಗೆ ಬರುತ್ತಾರೆಂದು ತಿಳಿಯಲಿ ಎಂದು ಮಾಡಿದ ಗುಂಪು ಅದು. ಈಗ ಅದರಲ್ಲಿ ಬಸ್ಸಿನ ಸುದ್ದಿಯೊಂದು ಬಿಟ್ಟು ಉಳಿದದ್ದೆಲ್ಲ ಬರುತ್ತದೆ. ಯಾರದು ಎಷ್ಟು ಮೆಗಾಪಿಕ್ಸೆಲ್, ಯಾರದು ಎಷ್ಟು ನಿಮಿಷಕ್ಕೆ ಫುಲ್ ಚಾರ್ಜು, ಯಾರ ಕಂಪನಿ ಯಾರದನ್ನು ಕದ್ದಿತು. ರಾತ್ರಿ ಹನ್ನೊಂದಕ್ಕೆ, “ಲೇ, ನಿನ್ನ ಅಂಟುಟು ಸ್ಕೋರ್ ಹಾಕ, ನೋಡೂಣು” ಎಂದು ಸವಾಲು. ಫೋನಿನ ವೇಗ ಅಳೆಯುವ ಆ್ಯಪಿನ ಹೆಸರಂತೆ ಅದು. ನಮ್ಮ ಕಾಕಾ ಮೊದಲ ಸಲ ಆ ಮಾತು ಕೇಳಿ ತಲೆ ಎತ್ತಿ, “ಅಂಟು ಎಷ್ಟ ಹಾಕ್ಯಾರಂತ? ಭಾಳ ಹಾಕಿದ್ರ ಹಲ್ಲಿಗೆ ಹತ್ತತೈತಿ” ಎಂದರು.

ಕಾಕಾ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿದು ಮನೆಗೆ ಬಂದವರು. ಅವರ ಕೈಯಲ್ಲಿರುವುದು ತಲೆಯ ಮೇಲೆ ಟಾರ್ಚ್ ಇರುವ ಬಟನ್ ಫೋನು. ಅವರಿಗೆ ಫೋನುಗಳಲ್ಲಿ ಗೊತ್ತಿರುವುದು ಎರಡೇ ಜಾತಿ: ಸಣ್ಣ ಪಿನ್ನು, ದೊಡ್ಡ ಪಿನ್ನು. ಹುಡುಗರ ಜಗಳದಲ್ಲಿ ಅವರು ಯಾವ ಕಡೆಯೂ ಅಲ್ಲದ್ದರಿಂದ ಕಟಕಟೆ ಕೊನೆಗೆ ಅವರ ಮಂಚದ ಮುಂದೆಯೇ ಬಂದು ನಿಲ್ಲುತ್ತದೆ.

ಈ ಜಗಳದ ಬೀಜ ಬಿದ್ದದ್ದು 2016-17ರ ಸುಮಾರಿಗೆ ಇರಬೇಕು. ಒಂದು ಬೆಳಗ್ಗೆ ನೋಡಿದರೆ ಪೇಟೆಯ ಅಂಗಡಿಗಳೆಲ್ಲ ಎರಡು ಬಣ್ಣಕ್ಕೆ ತಿರುಗಿದ್ದವು. ಹಸಿರು ಬೋರ್ಡು ಒಪ್ಪೊದ್ದು, ನೀಲಿ ಬೋರ್ಡು ವಿವೊದ್ದು. ಅಂಗಡಿಯ ಹೆಸರು ಮೂಲೆಯಲ್ಲಿ ಕುಂಕುಮದ ಬೊಟ್ಟಿನಷ್ಟು, ಕಂಪನಿಯ ಹೆಸರು ಬಾಗಿಲಿಗಿಂತ ದೊಡ್ಡದು. ಟಿ.ವಿ. ಹಚ್ಚಿದರೆ ಐಪಿಎಲ್ಲಿನ ಹಿಂದೆ ವಿವೊ, ಭಾರತ ತಂಡದ ಅಂಗಿಯ ಮೇಲೆ ಒಪ್ಪೊ. ಐದು ವರ್ಷ ಐಪಿಎಲ್ಲಿಗೆ ತನ್ನ ಹೆಸರಿಡಲು ವಿವೊ 2,199 ಕೋಟಿ ರೂಪಾಯಿಗೆ ಒಪ್ಪಿತ್ತು. ಅಂಗಿಗಾಗಿ ಒಪ್ಪೊ 1,079 ಕೋಟಿಗೆ. ಅಷ್ಟು ದುಡ್ಡು ಸುರಿದು ಕಾದಾಡುವ ಈ ಇಬ್ಬರು ಹಾವು ಮುಂಗುಸಿ ಎಂದೇ ನಾವೆಲ್ಲ ತಿಳಿದಿದ್ದೆವು. ನೀಲಿ ಬೋರ್ಡಿನವರು ಹಸಿರು ಬೋರ್ಡಿನ ಮೆಟ್ಟಿಲು ಹತ್ತುತ್ತಿರಲಿಲ್ಲ.

ಆಮೇಲೆ ವಂಶವೃಕ್ಷ ಬಿಚ್ಚಿಕೊಂಡಿತು. ಒಪ್ಪೊ, ವಿವೊ ಎರಡೂ ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಡಾಂಗ್‌ಗುವಾನ್ ಊರಿನ ಬಿಬಿಕೆ ಎಂಬ ಒಂದೇ ಮನೆತನದವು, ದುವಾನ್ ಯಾಂಗ್‌ಪಿಂಗ್ ಎಂಬ ಒಬ್ಬನೇ ಯಜಮಾನನ ನೆರಳಲ್ಲಿ ಬೆಳೆದವು. ಒನ್‌ಪ್ಲಸ್ ಕಟ್ಟಿದ ಪೀಟ್ ಲಾವ್ ಒಪ್ಪೊದಿಂದ 2013ರಲ್ಲಿ ಹೊರಬಿದ್ದವರು. ರಿಯಲ್‌ಮಿ 2018ರಲ್ಲಿ ಒಪ್ಪೊದ ಹೊಟ್ಟೆಯಲ್ಲೇ ಹುಟ್ಟಿ ಬೇರೆ ಒಲೆ ಹೂಡಿತು. ಅದೇ ವರ್ಷ ಶಿಯೋಮಿಯೊಳಗೆ ಪೋಕೊ ಹುಟ್ಟಿತು, ಅದೂ 2020ರಲ್ಲಿ ಬೇರೆಯಾಯಿತು. ಮೂಡಲಗಿ ಗೋಕಾಕದಿಂದ ಬಿಟ್ಟು ಹೊಸ ತಾಲ್ಲೂಕಾದದ್ದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಹೀಗಾಗಿ ಮೂಡಲಗಿ ಅಳಿಯನಿಗೆ ಈ ಸಂಗತಿ ಸಲೀಸಾಗಿ ತಲೆಗೆ ಹೋಯಿತು. “ಬ್ಯಾರೆ ಆದಮ್ಯಾಲ ಬ್ಯಾರೆನ ಮಾಮಾ. ತಹಶೀಲ್ದಾರ ಕಚೇರಿ ಬ್ಯಾರೆ, ಮೊಬೈಲ ಬ್ಯಾರೆ” ಎಂದ. ಹುಕ್ಕೇರಿ ಅಳಿಯ ಮಾತ್ರ ಒಪ್ಪಲಿಲ್ಲ. ಒನ್‌ಪ್ಲಸ್ಸಿಗೂ ಒಪ್ಪೊಕ್ಕೂ ಬೀಗತನ ಹಚ್ಚುವುದು ಅವನ ಪ್ರಕಾರ ಪಿತೂರಿ.

ಅದು ಇತ್ಯರ್ಥವಾದದ್ದು ದೊಡ್ಡಕ್ಕನ ಮಗಳ ಮದುವೆಯಲ್ಲಿ. ಹುಕ್ಕೇರಿ ಅಂದ ಮೇಲೆ ಕರೆಂಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ತಾಲ್ಲೂಕಿಗೆ ವಿದ್ಯುತ್ ಹಂಚುವುದು 1969ರಲ್ಲಿ ಹುಟ್ಟಿದ ಅವರದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಹೀಗಾಗಿ ನಮ್ಮ ಭಾವ, “ಸೊಸಾಯಿಟಿ ಕರೆಂಟಿಗೆ ಮೊಬೈಲ ಲಗೂ ಚಾರ್ಜ್ ಆಗತೈತಿ, ನಿಮ್ಮ ಗೋಕಾಕದಾಗ ಹಂಗ ಆಗೂದಿಲ್ಲ” ಎಂದು ಬೀಗರೆದುರಿಗೂ ಹೇಳುವ ಮನುಷ್ಯ. ಸೊಸಾಯಿಟಿ ಕರೆಂಟು ಧಾರಾಳವಾಗಿತ್ತು. ಆದರೆ ನಮಗೆ ಕೊಟ್ಟ ಕೋಣೆಯಲ್ಲಿ ಪ್ಲಗ್ ಒಂದೇ. ಅದರಲ್ಲಿ ಮೂಡಲಗಿಯವನ ಚಾರ್ಜರ್ ಕೂತಿತ್ತು. ಹುಕ್ಕೇರಿಯವನ ಫೋನು ಎರಡು ಪರ್ಸೆಂಟಿಗೆ ಬಂದಿತ್ತು, ಅವನ ಚಾರ್ಜರ್ ಯಾವುದೋ ಚಿಕ್ಕಮ್ಮನ ಬ್ಯಾಗಿನಲ್ಲಿ ಸಂಕೇಶ್ವರಕ್ಕೆ ಹೋಗಿತ್ತು. ಅಕ್ಷತೆಗೆ ಇನ್ನು ಅರ್ಧ ತಾಸು. ಸ್ವಾಭಿಮಾನವನ್ನು ಪಕ್ಕಕ್ಕಿಟ್ಟು ಚುಚ್ಚಿದ. ಬೇರೆ ಕಂಪನಿಯ ಚಾರ್ಜರಿಗೆ ಕುಂಟುತ್ತ ಏರುವ ಫೋನು ದಡದಡ ಏರಿತು; ಪರದೆಯ ಮೇಲೆ ‘ಸೂಪರ್‌ವೂಕ್’ ಎಂಬ ಅಕ್ಷರ ಬಂತು. ಪ್ಲಗ್ಗಿನಲ್ಲಿದ್ದ ಒಪ್ಪೊ ಇಟ್ಟಿಗೆಯ ಮೇಲೂ ಅದೇ ಅಕ್ಷರ. ಇಬ್ಬರೂ ನೆಲಕ್ಕೆ ಮೊಣಕಾಲೂರಿ ಆ ಸಣ್ಣ ಅಚ್ಚನ್ನು ಓದಿದರು, ಜಾತಕ ಓದಿದ ಹಾಗೆ. ಮೂಡಲಗಿಯವನು ಏನೂ ಅನ್ನಲಿಲ್ಲ. ಬರೀ ಒಂದು ಫೋಟೋ ತೆಗೆದುಕೊಂಡ. ಅದು ಮಧ್ಯಾಹ್ನದ ಪಂಕ್ತಿ ಏಳುವಷ್ಟರಲ್ಲಿ ಗುಂಪಿನಲ್ಲಿತ್ತು.

ಆ ಮದುವೆಯಲ್ಲಿ ಐಫೋನಿನದು ಬೇರೆ ಕಥೆ. ಹೆಣ್ಣುಮಕ್ಕಳೆಲ್ಲ ನಮ್ಮ ಮಗನನ್ನೇ ಕರೆದು, “ತಮ್ಮಾ, ನಿನ್ನದರಾಗ ತಗಿ” ಎಂದು ಸಾಲುಗಟ್ಟಿ ನಿಂತರು. ಊಟ ಬಿಟ್ಟು ಫೋಟೋ ತೆಗೆದ. ಸಂಜೆಗೆ ಅದೇ ಸಾಲು “ಕಳಸ” ಎಂದು ನಿಂತಿತು. ಅವನ ಏರ್‌ಡ್ರಾಪು ಆಗ ಆಪಲ್ ಮನೆತನದವರಿಗಷ್ಟೇ ಎಸೆಯುತ್ತಿತ್ತು. ಆ ಮಂಟಪದಲ್ಲಿ ಹಿಡಿಯುವ ಇನ್ನೊಂದು ಐಫೋನು ಇರಲಿಲ್ಲ. ಅಷ್ಟರಲ್ಲಿ ಒಪ್ಪೊದವನ ಫೋಟೋ ಮೂರು ತಾಲ್ಲೂಕಿನ ಸ್ಟೇಟಸ್ಸಿಗೆ ಏರಿಯಾಗಿತ್ತು.

ಈ ಸೋಲನ್ನು ಮಗ ಇತಿಹಾಸದಿಂದ ತೀರಿಸಿಕೊಂಡ. ಎಲ್ಲರೂ ನಮ್ಮನ್ನು ಕದ್ದವರೇ ಎಂಬುದು ಐಫೋನ್ ಮಂದಿಯ ಮೂಲಮಂತ್ರ. ಕಾಕಾನ ಮಂಚದ ಬಳಿ ಕೂತು ಆಪಲ್-ಸ್ಯಾಮ್‌ಸಂಗ್ ಮೊಕದ್ದಮೆ ಬಿಚ್ಚಿದ. 2011ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಪಲ್ ಫಿರ್ಯಾದಿ ಮಾಡಿತು. 2012ರ ಆಗಸ್ಟಿನಲ್ಲಿ ಸ್ಯಾನ್ ಹೋಸೆಯ ಪಂಚರು ಸ್ಯಾಮ್‌ಸಂಗಿಗೆ ಸುಮಾರು 105 ಕೋಟಿ ಡಾಲರ್ ದಂಡ ಹೇಳಿದರು.

“ಏನ ಕದ್ದಿದ್ರು?”

“ಭಾಳ ಅದಾವ ಅಜ್ಜಾ. ಫೋನಿನ ಮೂಲಿ ದುಂಡಗ ಮಾಡಿದ್ದು ಒಂದು. ಐಕಾನ್ ಸಾಲಾಗಿ ಜೋಡಿಸಿದ್ದು ಒಂದು.”

ಕಾಕಾ ಬಹಳ ಹೊತ್ತು ಸುಮ್ಮನಿದ್ದರು. “ನಾ ಒಂದನೇತ್ತಾಕ್ಕ ಹೋಗುಮುಂದ ನನ್ನ ಪಾಟಿ ಮೂಲಿನೂ ದುಂಡಗ ಇದ್ದುವು. ಯಾರೂ ಕೇಸ ಹಾಕಲಿಲ್ಲ.”

ಮಗ ಬಿಡಲಿಲ್ಲ. ಇಂಗ್ಲೆಂಡಿನ ಕಥೆ ಹೇಳಿದ. ಅಲ್ಲಿನ ನ್ಯಾಯಾಧೀಶ ಕಾಲಿನ್ ಬರ್ಸ್ 2012ರಲ್ಲಿ, ಸ್ಯಾಮ್‌ಸಂಗಿನ ಟ್ಯಾಬ್ಲೆಟ್ ಐಪ್ಯಾಡಿನಷ್ಟು ಸೊಗಸಾಗಿಲ್ಲ, ಆದ್ದರಿಂದ ಅದು ನಕಲಲ್ಲ ಎಂದು ತೀರ್ಪಿತ್ತರು. ಸ್ಯಾಮ್‌ಸಂಗ್ ನಕಲು ಮಾಡಿಲ್ಲ ಎಂದು ಆಪಲ್ಲೇ ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕಾಯಿತು. ಇದನ್ನು ಹೇಳಿದ್ದು ಅವನ ಪಕ್ಷಕ್ಕೆ ಲಾಭವೋ ನಷ್ಟವೋ ಅವನಿಗೇ ತಿಳಿಯಲಿಲ್ಲ. ಕಾಕಾನಿಗೆ ಮಾತ್ರ ಬಹಳ ಸೇರಿತು. “ನೀ ಕರ್ರಗ ಅದಿ, ಹಂಗಾಗಿ ಕಳ್ಳ ಅಲ್ಲ ಅಂದಂಗಾತು. ಗೆದ್ದಾಂವ ನಗಬೇಕೋ ಅಳಬೇಕೋ?”

ನನಗೆ ಆ ಮೊಕದ್ದಮೆಯಲ್ಲಿ ರುಚಿಸುವ ಭಾಗ ಬೇರೆ. ಕೋರ್ಟಿನಲ್ಲಿ ಎದುರುಬದುರು ನಿಂತ ಆ ವರ್ಷವೂ ಐಫೋನಿನ ಹೊಟ್ಟೆಯಲ್ಲಿದ್ದ ಮುಖ್ಯ ಚಿಪ್ಪನ್ನು ತಯಾರಿಸುತ್ತಿದ್ದದ್ದು ಸ್ಯಾಮ್‌ಸಂಗೇ. 2016ರಲ್ಲಿ ದಂಡದ ಲೆಕ್ಕದ ವಿಷಯ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ ಎಂಟೂ ಜನ ನ್ಯಾಯಮೂರ್ತಿಗಳು ಸ್ಯಾಮ್‌ಸಂಗಿನ ಮಾತು ಎತ್ತಿಹಿಡಿದರು. ಮರುವರ್ಷ ಬಂದ ಐಫೋನ್ ಟೆನ್ನಿನ ಪರದೆಯೂ ಸ್ಯಾಮ್‌ಸಂಗಿನದೇ. 2018ರ ಮೇ ತಿಂಗಳಲ್ಲಿ ಮತ್ತೆ ಪಂಚರು ಕೂತು 53.9 ಕೋಟಿ ಡಾಲರ್ ಎಂದರು, ಜೂನಿನಲ್ಲಿ ಇಬ್ಬರೂ ಒಳಗೊಳಗೇ ರಾಜಿಯಾದರು. ಏಳು ವರ್ಷ ಕೋರ್ಟು, ಏಳು ವರ್ಷವೂ ವ್ಯಾಪಾರ. ನಮ್ಮ ಕಡೆ ಬದುವಿನ ಜಗಳದಲ್ಲಿ ಇಷ್ಟು ಶಿಸ್ತು ಇಲ್ಲ. ಕೇಸು ಹಾಕಿದ ದಿನವೇ ಅಣ್ಣತಮ್ಮಂದಿರು ಒಬ್ಬರ ಬಾವಿಯ ನೀರನ್ನು ಇನ್ನೊಬ್ಬರು ಕುಡಿಯುವುದು ಬಿಡುತ್ತಾರೆ.

ಕಂಪನಿಗಳು ರಾಜಿಯಾದ ಸುದ್ದಿ ಅಭಿಮಾನಿಗಳಿಗೆ ಇನ್ನೂ ತಲುಪಿಲ್ಲ. ಕದ್ದವರ ಪಟ್ಟಿ ಎರಡೂ ಕಡೆ ಬಾಯಿಪಾಠ. 2017ರ ಕೊನೆಗೆ ಐಫೋನ್ ಟೆನ್ ತಲೆಯ ಮೇಲೊಂದು ಕಪ್ಪು ಕಚ್ಚು ಇಟ್ಟುಕೊಂಡು ಬಂತು, ಜಗತ್ತೆಲ್ಲ ನಕ್ಕಿತು. 2018ರ ಮಾರ್ಚಿನಲ್ಲಿ ವಿವೊ ವಿ9, ಒಪ್ಪೊ ಎಫ್7 ಒಂದರ ಹಿಂದೊಂದು ಅದೇ ಕಚ್ಚು ಹೊತ್ತು ಭಾರತಕ್ಕೆ ಇಳಿದವು; ನಕ್ಕವರೇ ಸಾಲು ಹಚ್ಚಿ ಕೊಂಡರು. 2022ರಲ್ಲಿ ಆಪಲ್ ಆ ಕಚ್ಚನ್ನು ‘ಡೈನಾಮಿಕ್ ಐಲೆಂಡ್’ ಎಂಬ ನಡುಗಡ್ಡೆ ಮಾಡಿತು. 2023ರ ಮಾರ್ಚಿಗೆ ರಿಯಲ್‌ಮಿ ‘ಮಿನಿ ಕ್ಯಾಪ್ಸೂಲ್’ ಎಂಬ ಗುಳಿಗೆ ತಂದಿತು. ಶಿಯೋಮಿಯದಂತೂ ಎಲ್ಲಕ್ಕೂ ಮೇಲು. 2025ರಲ್ಲಿ ಐಫೋನ್ 17 ಬಂದ ತಿಂಗಳಲ್ಲೇ ಅದು ತನ್ನ 15ರ ಮುಂದೆ 16 ಬಿಟ್ಟು ನೇರ 17ಕ್ಕೆ ಜಿಗಿಯಿತು. ಪಕ್ಕದ ಮನೆ ಹುಡುಗ ಪಾಸಾದನೆಂದು ನಡುವಿನ ಇಯತ್ತೆ ಬಿಟ್ಟು ಕೂತ ಹುಡುಗರನ್ನು ನಾನು ಶಾಲೆಯಲ್ಲೂ ಕಂಡಿಲ್ಲ.

ಇಷ್ಟು ಹೇಳಿ ಮಗ ಉಸಿರು ತಗೊಳ್ಳುವಷ್ಟರಲ್ಲಿ ಹುಕ್ಕೇರಿಯವನು ಶುರು ಮಾಡುತ್ತಾನೆ. ದೊಡ್ಡ ಪರದೆ ಯಾರದು? ಸ್ಯಾಮ್‌ಸಂಗ್ ನೋಟ್ 2011ರಲ್ಲೇ ಬಂದಿತ್ತು. ಆಪಲ್ಲಿನ ಪ್ಲಸ್ ಬಂದದ್ದು 2014ಕ್ಕೆ. ಮುಖಪರದೆಯ ಮೇಲೆ ವಿಜೆಟ್ ಎಲ್ಲಿಯದು? ಆಂಡ್ರಾಯ್ಡಿನಲ್ಲಿ ಹಳತಾದ ಮೇಲೆ 2020ಕ್ಕೆ ಐಫೋನಿಗೆ ಬಂತು. ಹಾಗೆ ನೋಡಿದರೆ ಎಲ್‌ಜಿ ಕಂಪನಿಯ ಪ್ರಾಡಾ ಎಂಬ ಕೀಪ್ಯಾಡಿಲ್ಲದ ಟಚ್ ಫೋನು ಜಗತ್ತಿಗೆ ಮುಖ ತೋರಿಸಿದ್ದು 2006ರ ಡಿಸೆಂಬರಿನಲ್ಲಿ, ಮೊದಲ ಐಫೋನಿಗಿಂತ ಒಂದು ತಿಂಗಳು ಮುಂಚೆ. ಮಗನ ಕೊನೆಯ ಅಸ್ತ್ರ ಕನ್ನಡಾಭಿಮಾನ: “ಇದು ನಮ್ಮ ಕೋಲಾರ ಜಿಲ್ಲೆ ನರಸಾಪುರದಾಗೂ ತಯಾರಾಗೂ ಫೋನು.” ಮೂಡಲಗಿಯವನು ತಣ್ಣಗೆ, “ನಂದು ಗ್ರೇಟರ್ ನೋಯ್ಡಾದ್ದು. ಇಬ್ಬರದೂ ಇಂಡಿಯಾ ಪಾಸ್‌ಪೋರ್ಟು.”

ಯಾರದು ಮೇಲು ಎಂಬುದನ್ನು ಒಮ್ಮೆ ಫಾಲ್ಸಿನಲ್ಲೇ ಪರೀಕ್ಷಿಸಿದೆವು. ಶ್ರಾವಣ, ಘಟಪ್ರಭೆ ತುಂಬಿ ಕೆಂಪಗೆ 52 ಮೀಟರ್ ಕೆಳಗೆ ಧುಮ್ಮಿಕ್ಕುತ್ತಿದ್ದಳು. ತೂಗುಸೇತುವೆಯ ಕಡೆಯಿಂದ ಮೂವರೂ ಮೂರು ಫೋಟೋ ತೆಗೆದರು. ಒಂದರಲ್ಲಿ ನೀರು ಹಾಲಿನಂತೆ ಬೆಳ್ಳಗೆ, ಒಂದರಲ್ಲಿ ಬೆಟ್ಟ ಗಿಳಿಹಸಿರು, ಇನ್ನೊಂದರಲ್ಲಿ ನನ್ನ ಮುಖಕ್ಕೆ ಇಪ್ಪತ್ತು ವರ್ಷ ಕಡಿಮೆ. ಯಾವುದು ಯಾರದೆಂದು ಹೇಳುವುದಿಲ್ಲ, ನಾಳೆ ನಾನು ಮೂರೂ ಮನೆಯಲ್ಲಿ ಉಣ್ಣಬೇಕು. ಕಾಕಾ ಮೂರನ್ನೂ ನೋಡಿ, “ಇದು ಯಾವ ಊರ ಫಾಲ್ಸ?” ಎಂದರು. ಆ ನೀರಿನ ಸದ್ದಿನಲ್ಲೇ ಅವರು ಆಯುಷ್ಯ ಕಳೆದವರು.

ಇಷ್ಟು ಅಭಿಮಾನ ಎಲ್ಲಿಂದ ಬರುತ್ತದೆ? ನನಗೊಂದು ಗುಮಾನಿ ಇದೆ. ಪೇಟೆಯಲ್ಲಿ ಮೊಬೈಲ್ ಕೊಳ್ಳಲು ಹೋದವರನ್ನು ನೋಡಿ. ಒಳಗೆ ಹೋಗುವಾಗ ಎಲ್ಲ ಕಂಪನಿಯವರಿಗೂ ಸಮಾನ ಮರ್ಯಾದೆ. ಆಧಾರ್ ಝೆರಾಕ್ಸ್ ಕೊಟ್ಟು, ಬ್ಯಾಂಕ್ ಪಾಸ್‌ಬುಕ್ ತೋರಿಸಿ, ಹನ್ನೆರಡು ಕಂತಿನ ಕಾಗದಕ್ಕೆ ಸಹಿ ಹಾಕಿ ಹೊರಬರುವಾಗ ಮುಖದಲ್ಲಿ ಒಂದು ದೀಕ್ಷೆ ಕಾಣುತ್ತದೆ. ಅಪ್ಪ “ಎಷ್ಟಕ್ಕ ತಂದಿ?” ಎಂದು ಕೇಳುತ್ತಾನಲ್ಲ, ಅಲ್ಲಿಂದ ಪ್ರಚಾರ ಶುರು. ಆ ಇಪ್ಪತ್ತೆಂಟು ಸಾವಿರ ದಂಡವಾಗಿಲ್ಲ ಎಂದು ಮೊದಲು ಅಪ್ಪನಿಗೆ, ಆಮೇಲೆ ಗೆಳೆಯರಿಗೆ, ರಾತ್ರಿ ತನಗೆ ತಾನೇ ಸಾಧಿಸಿ ತೋರಿಸಬೇಕು. ಕಂತು ಮುಗಿಯುತ್ತ ಬಂದಂತೆ ದನಿಯೂ ಇಳಿಯುತ್ತದೆ. ಹನ್ನೊಂದನೆಯ ತಿಂಗಳಿಗೆ, “ಬ್ಯಾಟರಿ ಹಿಡಿವಲ್ದು” ಎಂಬ ಮೊದಲ ನಾಸ್ತಿಕ ಮಾತು ಕೇಳಿಸುತ್ತದೆ.

ಅಣಕಿಸಿದ್ದನ್ನು ತಾನೇ ಮಾಡುವ ವಿದ್ಯೆಯಲ್ಲಿ ಅಭಿಮಾನಿಗಳಿಗೆ ಗುರು ಕಂಪನಿಗಳೇ. 2016ರಲ್ಲಿ ಆಪಲ್ ಇಯರ್‌ಫೋನಿನ ತೂತು ತೆಗೆದ ಮೇಲೆ ಸ್ಯಾಮ್‌ಸಂಗ್ ಜಾಹೀರಾತು ಮಾಡಿ ನಕ್ಕಿತು. 2019ರಲ್ಲಿ ನೋಟ್ 10ರಿಂದ ತಾನೂ ತೆಗೆಯಿತು. 2020ರಲ್ಲಿ ಆಪಲ್ ಡಬ್ಬಿಯಿಂದ ಚಾರ್ಜರ್ ತೆಗೆದಾಗ ಮತ್ತೆ ನಕ್ಕಿತು. ಮರುವರ್ಷದ ಜನವರಿಯಲ್ಲಿ ಎಸ್21ರ ಡಬ್ಬಿಯಲ್ಲೂ ಚಾರ್ಜರ್ ಇರಲಿಲ್ಲ. ನಕ್ಕ ಗುರುತುಗಳನ್ನು ಎರಡೂ ಸಲ ಸದ್ದಿಲ್ಲದೆ ಅಳಿಸಿತು.

ಈ ದೀಪಾವಳಿಗೆ ಹುಕ್ಕೇರಿ ಅಳಿಯನಿಂದ ನನಗೆ ಫೋನು. ಗುಂಪಿನಲ್ಲಿ ಅಲ್ಲ, ಬೇರೆಯಾಗಿ, ದನಿಯೂ ಸಣ್ಣಗೆ.

“ಮಾಮಾ, ಅರಾಮ ಅದೀರಿ? ಒಂದ ಕೆಲಸ ಇತ್ತು. ಗ್ರೂಪಿನ್ಯಾಗ ನಾ ಐಫೋನಿಗೆ ಬೈದು ಹಾಕಿದ್ದ ಮೆಸೇಜ್ ಅದಾವಲ್ಲ, ಅವನ್ನ ಎಲ್ಲಾರ ಮೊಬೈಲದಾಗಿಂದ ಅಳಸೂದು ಹ್ಯಾಂಗ್ರಿ?”

“ಯಾಕಪಾ?”

“ಏನಿಲ್ಲ, ಎಕ್ಸ್‌ಚೇಂಜ್ ಆಫರ್ ಚಲೋ ಇತ್ತು.”

“ಎರಡ-ಮೂರ ದಿನದ ಮ್ಯಾಲಿನವು ಅಳಸಾಕ ಬರಂಗಿಲ್ಲೋ ಅಳಿಯಾ.”

“ನೀವು ಅಡ್ಮಿನ್ ಅದೀರಲ್ರಿ, ಗ್ರೂಪ ತಗದ ಬಿಡ್ರಿ.”

“ತಗದ್ರೂ ಉಪಯೋಗಿಲ್ಲ. ಮೂಡಲಗಿಯಾಂವ ಮುಂಜಾನಿಯಿಂದ ಸ್ಕ್ರೀನ್‌ಶಾಟ್ ತಗಿಯಾಕತ್ತಾನ.”