ನೀರನ್ನು ದಂಡೆಯಿಂದಲೇ ನೋಡಿ ಹೋಗಬೇಡಿ

ಬಸವಸಾಗರಕ್ಕೆ ಮಕ್ಕಳನ್ನು ಕರೆತರುವ ತಂದೆ-ತಾಯಂದಿರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ದೀಪಾವಳಿ ಮುಗಿದರೆ ಸಾಕು, ನೀವು ಮಕ್ಕಳುಮರಿ ಕಟ್ಟಿಕೊಂಡು ನಾರಾಯಣಪುರಕ್ಕೆ ಬರುತ್ತೀರಿ. ಛಾಯಾ ಭಗವತಿಗೆ ಕೈಮುಗಿದು, ಕೃಷ್ಣೆಯ ಬಸವಸಾಗರ ಜಲಾಶಯದ ಮುಂದೆ ಫೋಟೊ ತೆಗೆಸಿಕೊಂಡು, ಬುತ್ತಿ ಬಿಚ್ಚಿ ಉಂಡು, ಹೊತ್ತು ಮುಳುಗುವುದರೊಳಗೆ ಹುಣಸಗಿಯ ದಾರಿ ಹಿಡಿಯುತ್ತೀರಿ. ಈಚೆಗೆ ಕೆಲವರು ಡೇರೆ ಹಾಕಿ ಒಂದು ರಾತ್ರಿ ಇರಬೇಕು, ಬೆಳಿಗ್ಗೆ ದೋಣಿಯಲ್ಲಿ ಹಿನ್ನೀರು ಸುತ್ತಬೇಕು ಎಂದು ಮಾತಾಡುವುದನ್ನು ಕೇಳುತ್ತಿದ್ದೇನೆ. ಒಳ್ಳೆಯ ಮಾತು. ಅದಕ್ಕೇ ಈ ಪತ್ರ.

ಸುಮಾರು 33 ಟಿಎಂಸಿ ನೀರು ಹಿಡಿಯುವ ಈ ಜಲಾಶಯ ಕಟ್ಟಿ ಮುಗಿದದ್ದು 1982ರಲ್ಲಿ. ಕಾಲುವೆ ನೀರಿನಿಂದ ನಮ್ಮ ಹೊಲಗಳು ಬದಲಾದವು; ಜೋಳದ ನೆಲದಲ್ಲಿ ಭತ್ತ ಬಂತು. ಆದರೆ ನಮ್ಮ ಮಕ್ಕಳಿಗೆ ನೀರೆಂದರೆ ಇಂದಿಗೂ ‘ಹತ್ತಿರ ಹೋಗಬೇಡ’ ಎಂಬ ಗದರಿಕೆ ಮಾತ್ರ. ಗದರಿಸಿ ಬೆಳೆಸಿದ ಮಗು ಒಂದು ದಿನ ಯಾರಿಗೂ ಹೇಳದೆ ಗೆಳೆಯರ ಜೊತೆ ಕಾಲುವೆಗೆ ಇಳಿಯುತ್ತದೆ. ಅದಕ್ಕಿಂತ ಅಪ್ಪ-ಅವ್ವನ ನಡುವೆ ಕೂತು ನೀರಿನ ಗುಣ ತಿಳಿಯುವುದು ಮೇಲು.

ನೀರಿನ ಬದಿಗೆ ಬಿಡಾರ ಹೂಡುವುದು ಈ ಸೀಮೆಗೆ ಹೊಸದಲ್ಲ. ಹುಣಸಗಿ ಸಮೀಪದ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆಯೇ ಆದಿಮಾನವರು ಸುಣ್ಣಕಲ್ಲಿನ ಹಾಸು ಒಡೆದು ಕೊಡಲಿ ಮಾಡಿಕೊಂಡಿದ್ದರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ-ಬೈಚಬಾಳ ಕಣಿವೆಯನ್ನು ದಶಕಗಳ ಕಾಲ ನಡೆದು ನೋಡಿದವರು. ಮಳೆಗಾಲದಲ್ಲಿ ಕಣಿವೆಯ ತುಂಬ ಚದುರುತ್ತಿದ್ದ ಆ ಜನ ಬೇಸಿಗೆಯಲ್ಲಿ ಬತ್ತದ ಒರತೆ, ಮಡುಗಳ ಬಳಿ ಒಟ್ಟುಗೂಡುತ್ತಿದ್ದರೆಂಬುದು ಅವರ ವಿವರಣೆ. ಯಾವ ಕಾಲಕ್ಕೆ ಎಲ್ಲಿಯ ನೀರು ಎಂಬ ಲೆಕ್ಕ ಆ ಜನರಿಗಿತ್ತು. ನಮಗೂ ಮೊದಲು ಬೇಕಾದದ್ದು ಆ ಲೆಕ್ಕವೇ.

ಮಳೆಗಾಲದಲ್ಲಿ ದೋಣಿಯ ಮಾತೇ ಬೇಡ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಯ್ದರೆ ಆಲಮಟ್ಟಿಯಿಂದ ನೀರು ನುಗ್ಗಿ ಬರುತ್ತದೆ, ಇಲ್ಲಿಂದಲೂ ಲಕ್ಷಗಟ್ಟಲೆ ಕ್ಯೂಸೆಕ್ಸ್ ಕೆಳಕ್ಕೆ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಿಂದೆ ಸರಿದು ದಂಡೆಯ ಎರೆಮಣ್ಣು ಮೊಣಕಾಲುಮಟ ಹೂಳುವ ರಾಡಿಯಾಗಿರುತ್ತದೆ. ಸಂಜೆಗೆ ಗುಡುಗು-ಗಾಳಿಯ ಭಯ ಬೇರೆ. ನವೆಂಬರಿನಿಂದ ಜನವರಿಯವರೆಗಿನ ಬೆಳಗಿನ ಹೊತ್ತೇ ಸರಿ. ಆಗಲೂ ಕಲ್ಲುನೆಲದ ದಂಡೆ ನೋಡಿ ದೋಣಿ ಇಳಿಸಿ. ಡೇರೆಯನ್ನು ನೀರಿನ ಗುರುತಿಗಿಂತ ಸಾಕಷ್ಟು ಮೇಲೆ ಹಾಕಿ. ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರು ರಾತ್ರಿಯೂ ಏರಬಹುದು.

ಇನ್ನು ಗಾಳಿ. ಹಿನ್ನೀರಿನ ಹರವು ದೊಡ್ಡದು, ತಡೆಯಿಲ್ಲದೆ ಬೀಸುವ ಗಾಳಿ ಅಲೆಯನ್ನೂ ಬೆಳೆಸುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹುಟ್ಟು ಹಾಕಿ, ತೋಳು ಸೋತು ಮರಳುವಾಗ ಅದೇ ಗಾಳಿ ಬೆನ್ನಿಗಿರಲಿ. ನಡುನೀರಿಗೆ ಹೋಗದೆ ದಂಡೆಯ ಗುಂಟ ಸಾಗಿ. ಮುಳುಗಿದ ಮರದ ಮೋಟು, ಮೀನುಗಾರರ ಬಲೆ ಎಲ್ಲಿವೆ ಎಂಬುದು ಅಲ್ಲಿನ ಅಂಬಿಗರಿಗೆ ಮಾತ್ರ ಗೊತ್ತು. ಅವರಲ್ಲೊಬ್ಬರನ್ನು ಕೂಲಿ ಕೊಟ್ಟು ಜೊತೆಗೆ ಕರೆದುಕೊಳ್ಳಿ, ಅವರ ಹರಿಗೋಲಿನಲ್ಲೂ ಸ್ವಲ್ಪ ಹೊತ್ತು ಕೂತು ನೋಡಿ. ಬಿದಿರಿನ ದಬ್ಬೆ ಹೆಣೆದ ದುಂಡನೆಯ ಬುಟ್ಟಿ ಅದು. ಹಿಂದೆ ಮೇಲೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ. ಮುಂದು-ಹಿಂದು ಇಲ್ಲದ್ದರಿಂದ ಹೊಸಬರ ಕೈಗೆ ಸಿಕ್ಕರೆ ನಿಂತಲ್ಲೇ ಗರಗರ ತಿರುಗುತ್ತದೆ. ಅಂಬಿಗ ಮಾತ್ರ ಅಂಚಿಗೆ ಬಾಗಿ, ಹುಟ್ಟನ್ನು ಎದುರಿಗೆ ಹಾಕಿ ತನ್ನತ್ತ ಎಳೆದುಕೊಳ್ಳುತ್ತ ನೆಟ್ಟಗೆ ಒಯ್ಯುತ್ತಾನೆ. ಎಲ್ಲರೂ ಸಮನಾಗಿ ಸುತ್ತ ಕೂರಬೇಕು, ಮಕ್ಕಳು ನಡುವೆ, ಯಾರೂ ಏಳಬಾರದು. ನೀರಿನ ಮೇಲೆ ಕೂರುವ ಮೊದಲ ಪಾಠ ಮಕ್ಕಳಿಗೆ ಅಲ್ಲೇ ಸಿಗುತ್ತದೆ.

ಒಂದು ಮಾತು ಮಾತ್ರ ಕೈಮುಗಿದು ಹೇಳುತ್ತೇನೆ. ಲೈಫ್ ಜಾಕೆಟ್ ಇಲ್ಲದೆ ಯಾರೂ ದೋಣಿಗೆ ಕಾಲಿಡಬೇಡಿ, ಈಜು ಬಲ್ಲವರೂ ಬೇಡ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು; ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. ನಮ್ಮ ಸೀಮೆಯದೇ ಇನ್ನೊಂದು ಘಟನೆ ನೆನೆಯಿರಿ. 2014ರ ಮಳೆಗಾಲದಲ್ಲಿ ನೀಲಕಂಠರಾಯನ ಗಡ್ಡಿ ಎಂಬ ನಡುಗಡ್ಡೆಯ ತುಂಬು ಗರ್ಭಿಣಿಯೊಬ್ಬರು, ಹೆರಿಗೆ ಆಸ್ಪತ್ರೆಯಲ್ಲೇ ಆಗಲೆಂದು ತುಂಬಿದ ಕೃಷ್ಣೆಯನ್ನು ಈಜಿ ದಾಟಿದರು. ಹೊಳೆಯ ನಡುವೆಯೇ ಬದುಕಿದ ಆ ತಾಯಿ ಕೂಡ ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಕಟ್ಟಿಕೊಂಡು, ತಂದೆ-ಅಣ್ಣತಮ್ಮಂದಿರ ಆಸರೆಯಲ್ಲೇ ನೀರಿಗಿಳಿದದ್ದು. ಹಾಗಿರುವಾಗ ನಾವು ತೇಲುವ ಆಸರೆಯಿಲ್ಲದೆ ಇಳಿಯುತ್ತೇವೆಂದರೆ ಏನೆನ್ನಬೇಕು?

ಕೃಷ್ಣೆಯಲ್ಲಿ ಮೊಸಳೆಗಳಿವೆ, ಬೆಳಿಗ್ಗೆ-ಸಂಜೆ ನೀರಂಚಿನಲ್ಲಿ ಪಾತ್ರೆ ತೊಳೆಯುತ್ತ ಕೂರಬೇಡಿ. ಅಣೆಕಟ್ಟಿನ ಕೆಳಗಿನ ಹೊಳೆಗೆ ಯಾವ ಕಾಲಕ್ಕೂ ದೋಣಿ ಇಳಿಸಬೇಡಿ. ಕಾಲುವೆಗಂತೂ ಬೇಡವೇ ಬೇಡ: ಸಿಮೆಂಟಿನ ಇಳಿಜಾರು ಗೋಡೆಗೆ ಪಾಚಿ ಹಿಡಿದಿರುತ್ತದೆ, ಒಳಗೆ ಬಿದ್ದವರ ಕೈಗೆ ಹಿಡಿತ ಸಿಗುವುದಿಲ್ಲ. ಸುರಪುರದ ಕಡೆಯ ಬೋನಾಳ ಕೆರೆಗೆ ಹೋಗುವುದಾದರೆ ದೋಣಿ ಮನೆಯಲ್ಲೇ ಇರಲಿ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ, ದೋಣಿ ಕಂಡರೆ ಎದ್ದು ಹೋಗುತ್ತವೆ. ಅಲ್ಲಿ ದುರ್ಬೀನು ಸಾಕು.

ಇಷ್ಟೆಲ್ಲ ಯಾರು ನೋಡಿಕೊಳ್ಳುತ್ತಾರೆ ಎನ್ನಬೇಡಿ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೊರಡುವಾಗ ಸಜ್ಜಿ ರೊಟ್ಟಿ ಯಾರು ಬಡಿಯಬೇಕು, ಭಜ್ಜಿಗೆ ಏನೇನು ಕಾಳು ಬೇಕು, ಬಂಡಿ ಯಾವಾಗ ಕಟ್ಟಬೇಕು ಎಂದು ವಾರ ಮೊದಲೇ ಗೊತ್ತು ಮಾಡುವ ಮನೆಗಳು ನಮ್ಮವು. ಅದೇ ಜಾಗ್ರತೆ ನೀರಿಗೂ ಇರಲಿ. ದಂಡೆಯಲ್ಲಿ ಒಬ್ಬರು ಉಳಿಯಲಿ, ಮರಳುವ ಹೊತ್ತು ಅವರಿಗೆ ತಿಳಿದಿರಲಿ.

ಕೊನೆಗೆ, ಜಲಾಶಯ ಕೃಷ್ಣಾ ಭಾಗ್ಯ ಜಲ ನಿಗಮದ ಸುಪರ್ದಿಯಲ್ಲಿದೆ. ಕದ್ದುಮುಚ್ಚಿ ದೋಣಿ ಇಳಿಸಬೇಡಿ. ಹತ್ತು ಮನೆಯವರು ಸೇರಿ ಅನುಮತಿಗೆ ಅರ್ಜಿ ಬರೆಯಿರಿ. ಹಿನ್ನೀರಿನಲ್ಲಿ ಆಳ ಕಡಿಮೆಯಿರುವ ಒಂದು ಜಾಗ ಗುರುತಿಸಿ, ಜಾಕೆಟ್ ಇಟ್ಟು, ಊರಿನ ಅಂಬಿಗರಿಗೆ ತರಬೇತಿ ಮತ್ತು ಕೆಲಸ ಕೊಡಿ ಎಂದು ನಿಗಮವನ್ನೂ ಜಿಲ್ಲಾಡಳಿತವನ್ನೂ ಕೇಳಿ. ಮೊದಲ ಅರ್ಜಿಗೆ ಸಹಿ ಹಾಕಲು ನಾನು ಸಿದ್ಧ. ನೀವೂ ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಹುಣಸಗಿ ತಾಲ್ಲೂಕಿನ ಒಬ್ಬ ನಿವಾಸಿ