ಸ್ವಿಟ್ಜರ್ಲೆಂಡ್ ಬಾಧೆಗೆ ಆದಿತಾಳದ ಮದ್ದು

ವಿದೇಶ ಸುತ್ತಿ ಬಂದವರಿಗೆ ಹಿಡಿಯುವ ಬಾಧೆಯನ್ನು ವೈದ್ಯಶಾಸ್ತ್ರ ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ. ಸದ್ಯಕ್ಕೆ ಈ ಕ್ಷೇತ್ರದಲ್ಲಿ ತಜ್ಞ ನಾನೊಬ್ಬನೇ. ನನ್ನನ್ನು ನೇಮಿಸಿದ್ದೂ ನಾನೇ.

ಬಸವನಗುಡಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಪ್ರಕರಣ ನೋಡಿ. 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಕ್ ರೈಲು ನಿಲ್ದಾಣದಲ್ಲಿ ಹಿಮಕ್ಕೆ ಬೆನ್ನು ಹಾಕಿ ನಿಂತು ಮೊಸರನ್ನ ಸಿಗುತ್ತದೆಯೇ ಎಂದು ವಿಚಾರಿಸಿದ್ದ ಮಹನೀಯರು ಇವರು. ಮನೆಗೆ ಬಂದ ಮೇಲೆ ಮೊಸರನ್ನದ ಮುಂದೆ ಕೂತು ಚೀಸ್ ನೆನೆದು ನಿಟ್ಟುಸಿರು ಬಿಡತೊಡಗಿದರು. ನಲ್ಲಿಗೆ ನೇರವಾಗಿ ಲೋಟ ಹಿಡಿದರು. ಕೆ.ಆರ್. ರಸ್ತೆಯ ಝೀಬ್ರಾ ಪಟ್ಟೆಯ ಬಳಿ, ವಾಹನಗಳು ತಾವಾಗಿಯೇ ನಿಂತು ದಾರಿ ಬಿಡುತ್ತವೆಂದು ಕೈಕಟ್ಟಿ ಕಾದರು. “ರೀ, ಹೀಗೆ ನಿಂತ್ರೆ ಮನೆ ಸೇರೋದು ಮುಂದಿನ ಯುಗಾದಿಗೇ, ಬನ್ನಿ” ಎಂದು ಮನೆಯವರು ರಟ್ಟೆ ಹಿಡಿದು ದಾಟಿಸಿದರು. ಮರುದಿನವೇ ಅವರನ್ನು ನನ್ನಲ್ಲಿಗೆ ಕರೆತಂದರು.

ನಾನು ಮಾತ್ರೆ ಕೊಡುವುದಿಲ್ಲ, ಕಚೇರಿ ಬರೆದುಕೊಡುತ್ತೇನೆ. ಸಂಗೀತ ಕಚೇರಿ. ರೆಕಾರ್ಡಿಂಗ್ ನಡೆಯದು, ಅದರಲ್ಲಿ ಪಕ್ಕದವರ ಕೆಮ್ಮು ಇರುವುದಿಲ್ಲ.

ರೋಗಿಯನ್ನು ಮೊದಲೇ ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನಕ್ಕೆ ಕರೆದೊಯ್ಯುವ ತಪ್ಪನ್ನು ಅನೇಕರು ಮಾಡುತ್ತಾರೆ. ಪಿಟೀಲಿನ ಆಕಾರದ ಕಟ್ಟಡ ಕಂಡ ಕೂಡಲೇ ರೋಗಿ ಫೋನ್ ತೆಗೆದು ಸೆಲ್ಫಿಗೆ ನಿಲ್ಲುತ್ತಾರೆ, ಪ್ರವಾಸ ಮರುಕಳಿಸುತ್ತದೆ. ಹೊಸಬರಿಗೆ ರಾಮನವಮಿ ಪೆಂಡಾಲೇ ಕ್ಷೇಮ. 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ಉತ್ಸವ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ತಿಂಗಳಿಗೂ ಮಿಕ್ಕಿ ನಡೆಯುತ್ತದೆ. ಒಂದು ಪೂರ್ಣ ಕೋರ್ಸಿಗೆ ಬೇಕಾಗುವ ಅವಧಿ ಹೆಚ್ಚುಕಡಿಮೆ ಅಷ್ಟೇ. ಪೆಂಡಾಲಿಗೆ ಗೋಡೆಯಿಲ್ಲವಾದ್ದರಿಂದ ಕಲ್ಯಾಣಿಯ ಆಲಾಪನೆಯೊಳಗೆ ಆಟೋ ಹಾರ್ನ್ ಸಣ್ಣ ಪ್ರಮಾಣದಲ್ಲಿ ಬೆರೆತು ಬರುತ್ತದೆ. ಹೀಗೆ ಹಾರ್ನ್ ಒಳಗೆ ಹೋದದ್ದು ರೋಗಿಗೆ ಗೊತ್ತೇ ಆಗುವುದಿಲ್ಲ.

ಮುಖ್ಯ ಔಷಧ ತಾಳ. ನಮ್ಮಲ್ಲಿ ಸಮಯಪಾಲನೆಯೇ ಇಲ್ಲ, ಅಲ್ಲಿಯ ರೈಲು ನೋಡಿ ಎಂಬುದು ಈ ರೋಗಿಗಳ ಖಾಯಂ ಗೊಣಗು. ಆರೂವರೆಯ ಕಚೇರಿ ಆರೂಮುಕ್ಕಾಲಿಗೆ ಶುರುವಾದಾಗ ಅವರು ಗಡಿಯಾರ ನೋಡಿ ತಲೆಯಾಡಿಸುತ್ತಾರೆ. ನೋಡಲಿ. ಬಳಿಕ ಅವರನ್ನು ತೊಡೆ ತಟ್ಟಿ ಲೆಕ್ಕ ಹಾಕುವ ಹಿರಿಯರೊಬ್ಬರ ಪಕ್ಕ ಕೂರಿಸಬೇಕು. ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಪೆಟ್ಟು-ಬೀಸು, ಪೆಟ್ಟು-ಬೀಸು: ಒಟ್ಟು ಎಂಟು. ಇದೇ ಆದಿತಾಳ. ಮೃದಂಗದವರು ತಾಳ ತಪ್ಪಿಸಿಕೊಂಡರೋ ಎಂಬಂತೆ ಎಲ್ಲೆಲ್ಲೋ ಅಲೆದು, ಮುಕ್ತಾಯವನ್ನು ಮೂರು ಸಲ ಬಾರಿಸಿ, ಪಲ್ಲವಿ ಎತ್ತುವ ಜಾಗಕ್ಕೆ ಕೂದಲೆಳೆಯೂ ಆಚೀಚೆಯಾಗದಂತೆ ಬಂದು ಬೀಳುತ್ತಾರೆ. ಕಾಲು ಗಂಟೆ ತಡವಾಗಿ ಹೊರಟ ವ್ಯವಸ್ಥೆಯೊಂದು ಅಕ್ಷರದ ಕಾಲುಭಾಗವೂ ತಪ್ಪದೆ ತಲುಪಿದ್ದು ಕಂಡು ನಮ್ಮ ಬ್ಯಾಂಕ್ ಅಧಿಕಾರಿಗಳು ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಚೇತರಿಕೆಯ ಮೊದಲ ಲಕ್ಷಣ.

ಜೆಟ್‌ಲ್ಯಾಗ್ ಕೂಡ ಇಲ್ಲಿ ಆಸ್ತಿಯೇ. ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ. ರಾತ್ರಿ ಒಂಬತ್ತಕ್ಕೆ ರಾಗ-ತಾನ-ಪಲ್ಲವಿ ನಡೆಯುವಾಗ ಊರಿನ ರಸಿಕರು ತೂಕಡಿಸುತ್ತಿರುತ್ತಾರೆ. ರೋಗಿಯ ಮೈಗೆ ಆಗಿನ್ನೂ ಸಂಜೆ ಐದೂವರೆ. ಸಭೆಯಲ್ಲಿ ಕಣ್ಣುಬಿಟ್ಟು ಕೂತಿರುವುದು ಅವರು ಮತ್ತು ತಂಬೂರಿಯವರು. ತಂಬೂರಿಯವರದ್ದೂ ನನಗೆ ಖಾತ್ರಿಯಿಲ್ಲ.

ಮಧ್ಯೆ ಶಾಲು-ಹಾರದ ಸನ್ಮಾನ, ಕಾರ್ಯದರ್ಶಿಗಳ ನಾಲ್ಕು ಮಾತು ಬಂದರೆ ಅದನ್ನೂ ಪೂರ್ತಿ ಸೇವಿಸಬೇಕು. ನಾಲ್ಕು ಮಾತು ಎಷ್ಟು ಹೊತ್ತಾಗುತ್ತದೆಂದು ತಿಳಿದವರು ಮುಂದೆ ಯಾವ ಸಿಗ್ನಲ್ಲಿಗೂ ಹೆದರುವುದಿಲ್ಲ.

ಅಡ್ಡಪರಿಣಾಮ ಉಂಟು, ಮುಚ್ಚಿಡುವುದಿಲ್ಲ. ಗುಣಮುಖರಾದವರು ಮೂರನೇ ವಾರದಿಂದ ರಸಿಕರಾಗುತ್ತಾರೆ. ಬಸವನಗುಡಿಯವರು ಈಗ ಸ್ವಿಟ್ಜರ್ಲೆಂಡಿನ ಸುದ್ದಿ ಎತ್ತುವುದಿಲ್ಲ. ಬದಲಿಗೆ, ಹಿಂದಿನವರ ತೋಡಿಯ ಮುಂದೆ ಈಗಿನವರದ್ದು ಏನೂ ಅಲ್ಲವೆಂದು ಮನೆಯವರಿಗೆ ದಿನವೂ ವಿವರಿಸುತ್ತಾರೆ. ಹಿಂದಿನವರನ್ನು ಅವರು ಕೇಳಿದವರಲ್ಲ. ಇದಕ್ಕೆ ನನ್ನಲ್ಲಿ ಮದ್ದಿಲ್ಲ.

ಸಾರ್ವಜನಿಕರಲ್ಲಿ ಒಂದೇ ವಿನಂತಿ: ತಾಳವಾದ್ಯದ ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆಂದು ಎದ್ದು ರೋಗಿಗಳ ಕಾಲು ತುಳಿದುಕೊಂಡು ಹೋಗಬೇಡಿ. ಚಿಕಿತ್ಸೆ ನಡೆಯುತ್ತಿರುತ್ತದೆ.